ಫ್ರಿಡ್ಜೇ ಇಲ್ಲದ ಕಾಲೇಜಿಂದ ಸೂಪರ್‌ಕಂಡಕ್ಟಿಂಗ್ ಡಿಟೆಕ್ಟರ್ ಕಡೆ ಹೋಗೋಕಾಗುತ್ತಾ?

ಓದುಗರ ಪ್ರಶ್ನೆ: "ಮೇಡಂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯವಳು, ಎಂಎಸ್ಸಿ ಫಿಸಿಕ್ಸ್ ಕೊನೇ ಸೆಮಿಸ್ಟರ್. ಬಾಹ್ಯಾಕಾಶದ ಟೆಲಿಸ್ಕೋಪ್‌ಗಳಿಗೆ ಸೂಪರ್‌ಕಂಡಕ್ಟಿಂಗ್ ಡಿಟೆಕ್ಟರ್ ಮಾಡೋದನ್ನ ಕಲೀಬೇಕು ಅಂತ ಎರಡು ವರ್ಷದಿಂದ ಆಸೆ, ಜೇಮ್ಸ್ ವೆಬ್ ಚಿತ್ರಗಳನ್ನ ನೋಡಿದಾಗಿಂದ. ಆದ್ರೆ ನಮ್ಮ ಡಿಪಾರ್ಟ್‌ಮೆಂಟಲ್ಲಿ ಲಿಕ್ವಿಡ್ ನೈಟ್ರೋಜನ್ ಬಿಟ್ರೆ ತಣ್ಣಗಿರೋದು ಏನೂ ಇಲ್ಲ, ಸೊನ್ನೆ ಕೆಲ್ವಿನ್ ಹತ್ತಿರಕ್ಕೆ ತಣ್ಣಗೆ ಮಾಡೋ ಡೈಲ್ಯೂಷನ್ ಫ್ರಿಡ್ಜನ್ನ ಫೋಟೋದಲ್ಲಷ್ಟೇ ನೋಡಿದೀನಿ. ಒಬ್ರು ಸರ್ ಇದು ಐಐಟಿಯವರಿಗೆ, ಅದರಲ್ಲೂ ಎಲೆಕ್ಟ್ರಾನಿಕ್ಸ್ ಇಂಜಿನಿಯರುಗಳಿಗೆ, ನೀನು ಸುಮ್ನೆ ಬಿಎಡ್ ಮಾಡ್ಕೋ ಅಂದ್ರು. ಸ್ಪೈಕಾ ಅನ್ನೋ ಟೆಲಿಸ್ಕೋಪ್ ಯೋಜನೆ ಅರ್ಧದಲ್ಲೇ ನಿಂತಿದ್ದು ಓದಿದೆ, ಅಂಥದ್ದಕ್ಕೆ ಪಿಎಚ್‌ಡಿ ಮಾಡ್ತಿದ್ದವರ ಗತಿ ಏನಾಯ್ತು? ಇಸ್ರೋ ಕ್ರಯೋಜೆನಿಕ್ ಇಂಜಿನ್ ಮಾಡುತ್ತಲ್ಲ, ಅಲ್ಲಿ ಈ ಕೆಲಸ ಇರುತ್ತಾ? ಅಪ್ಪ ಕೇಳೋದು ಒಂದೇ, ಇದನ್ನ ಕಲಿತ್ರೆ ಅನ್ನ ಹುಟ್ಟುತ್ತಾ ಅಂತ. ದಯವಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿ."

ಉತ್ತರ:

ನಿಮ್ಮ ಪತ್ರ ಮೂರು ಸಲ ಓದಿದೆ ತಂಗೀ. ಪ್ರಶ್ನೆ ಐದಾರು ಇದ್ರೂ ಒಳಗಿರೋ ಹೆದರಿಕೆ ಎರಡು ಅಂತ ನನಗನ್ಸುತ್ತೆ. ಇಷ್ಟು ಬರಿಗೈಯಲ್ಲಿ ಶುರು ಮಾಡಿದವಳಿಗೆ ಈ ಕೆಲಸ ಒಲಿಯುತ್ತಾ ಅನ್ನೋದು ಒಂದು, ಒಲಿದ್ರೂ ನನ್ನ ಐದು ವರ್ಷದ ದುಡಿಮೆ ಯಾರದೋ ರಾಕೆಟ್ಟಿನ ಹಣೆಬರಹಕ್ಕೆ ಗಂಟು ಬೀಳುತ್ತಲ್ಲ ಅನ್ನೋದು ಇನ್ನೊಂದು. ನಾನು ನೆದರ್ಲೆಂಡ್ಸಲ್ಲಿ ಪಿಎಚ್‌ಡಿ ಮಾಡಿ ಈ ಕೆಲಸದಲ್ಲಿ ಹದಿನೆಂಟು ವರ್ಷ ಕಳೆದವಳು, ಈಗ ಹೊಸಬರಿಗೆ ಕಲಿಸೋದೇ ನನ್ನ ಅರ್ಧ ಕೆಲಸ, ಹಾಗಾಗಿ ಎರಡಕ್ಕೂ ನೋಡಿದ್ದನ್ನೇ ಹೇಳ್ತೀನಿ.

ಮೊದ್ಲು ಎರಡು ತಪ್ಪು ತಿಳುವಳಿಕೆ ತೆಗೆದುಬಿಡೋಣ. ಸೂಪರ್‌ಕಂಡಕ್ಟರ್, ಕನ್ನಡದಲ್ಲಿ ಅತಿವಾಹಕ, ಅಂದ್ರೆ ತುಂಬಾ ತಣ್ಣಗಾದಾಗ ರೆಸಿಸ್ಟೆನ್ಸನ್ನ ಪೂರ್ತಿ ಕಳ್ಕೊಳ್ಳೋ ವಸ್ತು, ಜೇಮ್ಸ್ ವೆಬ್‌ನಲ್ಲಿ ಇರೋದು ಅದರಿಂದ ಮಾಡಿದ ಡಿಟೆಕ್ಟರ್ ಅಲ್ಲ. ಅದರಲ್ಲಿರೋದು ಸೆಮಿಕಂಡಕ್ಟರ್, ಹತ್ತಿರದ ಇನ್ಫ್ರಾರೆಡ್‌ಗೆ ಮರ್ಕ್ಯುರಿ ಕ್ಯಾಡ್ಮಿಯಂ ಟೆಲ್ಯುರೈಡ್, ಮಿರಿ ಅನ್ನೋ ಉಪಕರಣದಲ್ಲಿ ಆರ್ಸೆನಿಕ್ ಬೆರೆಸಿದ ಸಿಲಿಕಾನ್, ಅದು ಸುಮಾರು 7 ಕೆಲ್ವಿನ್‌ನಲ್ಲಿ (ಸೊನ್ನೆ ಕೆಲ್ವಿನ್ ಅಂದ್ರೆ ಮೈನಸ್ 273 ಡಿಗ್ರಿ ಸೆಲ್ಸಿಯಸ್) ಕೆಲಸ ಮಾಡುತ್ತೆ. ಎರಡನೇದು ಇಸ್ರೋ ಕ್ರಯೋಜೆನಿಕ್ ಇಂಜಿನ್. ಅಲ್ಲಿ ಕ್ರಯೋಜೆನಿಕ್ ಅಂದ್ರೆ ದ್ರವ ಹೈಡ್ರೋಜನ್, ಸುಮಾರು 20 ಕೆಲ್ವಿನ್, ಟನ್‌ಗಟ್ಟಲೆ ಇಂಧನ ಪಂಪ್ ಮಾಡಿ ಉರಿಸೋ ವಿದ್ಯೆ. ನಮ್ಮದು 0.05ರಿಂದ 0.1 ಕೆಲ್ವಿನ್, ಉಗುರಿನಷ್ಟು ಚಿಪ್ ಒಂದನ್ನ ವರ್ಷಗಟ್ಟಲೆ ಅಲುಗಾಡದ ಹಾಗೆ ತಣ್ಣಗಿಡೋದು. ಹೆಸರು ಒಂದೇ ಆದ್ರೂ ಕಸುಬು ಬೇರೆ. ಇಸ್ರೋ ಇವತ್ತಿನವರೆಗೆ ಹಾರಿಸಿದ ಖಗೋಳ ಉಪಗ್ರಹಗಳಲ್ಲಿ, ಅಂದ್ರೆ 2015ರ ಆಸ್ಟ್ರೋಸ್ಯಾಟ್ ಮತ್ತೆ 2024ರ ಜನವರಿ 1ಕ್ಕೆ ಹೋದ ಎಕ್ಸ್‌ಪೋಸ್ಯಾಟ್, ಎರಡರಲ್ಲೂ ಸೂಪರ್‌ಕಂಡಕ್ಟಿಂಗ್ ಡಿಟೆಕ್ಟರ್ ಇಲ್ಲ. ಎಕ್ಸ್‌ಪೋಸ್ಯಾಟ್‌ನ ಮುಖ್ಯ ಉಪಕರಣ ಪೋಲಿಕ್ಸ್ ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲೇ ಕಟ್ಟಿದ್ದು, ಒಳ್ಳೇ ಕೆಲಸ, ಆದ್ರೆ ಅದು ಗ್ಯಾಸ್ ತುಂಬಿದ ಕೌಂಟರ್. ಇದನ್ನ ನಿರಾಸೆ ಮಾಡೋಕೆ ಹೇಳ್ತಿಲ್ಲ, ಎಲ್ಲಿಗೆ ಅರ್ಜಿ ಹಾಕ್ಬೇಕು ಅಂತ ಯೋಚಿಸುವಾಗ ಇದು ಗೊತ್ತಿರ್ಬೇಕು.

ಹಾಗಿದ್ರೆ ಇಷ್ಟು ಕಷ್ಟಪಟ್ಟು ಸೂಪರ್‌ಕಂಡಕ್ಟರೇ ಯಾಕೆ? ಸಿಲಿಕಾನ್‌ನಲ್ಲಿ ಒಂದು ಎಲೆಕ್ಟ್ರಾನ್ ಎಬ್ಬಿಸೋಕೆ ಸುಮಾರು 1.1 ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಬೇಕು. ಅಲ್ಯೂಮಿನಿಯಂ ಅತಿವಾಹಕ ಆದಾಗ ಒಂದು ಕೂಪರ್ ಜೋಡಿ, ಅಂದ್ರೆ ಒಟ್ಟಿಗೆ ಓಡಾಡೋ ಎರಡು ಎಲೆಕ್ಟ್ರಾನ್, ಒಡೆಯೋಕೆ ಅದರ ಮೂರು ಸಾವಿರದಲ್ಲಿ ಒಂದು ಪಾಲು ಸಾಕು. ಅಂದ್ರೆ ಸಿಲಿಕಾನ್‌ಗೆ ಕಾಣಿಸದೇ ಇರೋ ಬಡಪಾಯಿ ಫೋಟಾನ್ (ಬೆಳಕಿನ ಕಣ) ಕೂಡ, ಹುಟ್ಟುತ್ತಿರೋ ನಕ್ಷತ್ರದ ಸುತ್ತಲಿನ ಧೂಳಿಂದ ಬರೋ ದೂರದ ಇನ್ಫ್ರಾರೆಡ್ ಬೆಳಕು, ಬಿಗ್ ಬ್ಯಾಂಗ್‌ನ ಉಳಿಕೆ ಬೆಳಕು, ಇದರ ಕಣ್ಣಿಗೆ ಬೀಳುತ್ತೆ. ಎಕ್ಸ್-ರೇ ಥರದ ಶಕ್ತಿವಂತ ಫೋಟಾನ್ ಬಂದ್ರೆ ಅದರ ಶಕ್ತಿ ಎಷ್ಟು ಅಂತ ತುಂಬಾ ಸೂಕ್ಷ್ಮವಾಗಿ ಅಳೀಬಹುದು. 6000 ಎಲೆಕ್ಟ್ರಾನ್‌ವೋಲ್ಟ್ ಎಕ್ಸ್-ರೇನ ಸಿಸಿಡಿ ಅನ್ನೋ ಸಿಲಿಕಾನ್ ಕ್ಯಾಮೆರಾ ಚಿಪ್ ನೂರಕ್ಕಿಂತ ಹೆಚ್ಚು ಎಲೆಕ್ಟ್ರಾನ್‌ವೋಲ್ಟ್ ಆಚೀಚೆ ಮಸುಕಾಗಿ ಅಳೆಯುತ್ತೆ, ಟಿಇಎಸ್ ಅನ್ನೋ ಒಳ್ಳೇ ಸೂಪರ್‌ಕಂಡಕ್ಟಿಂಗ್ ಡಿಟೆಕ್ಟರ್ ಎರಡು ಮೂರರೊಳಗೆ ಅಳೆಯುತ್ತೆ.

ಟಿಇಎಸ್ ಅಂದ್ರೆ ಟ್ರಾನ್ಸಿಷನ್ ಎಡ್ಜ್ ಸೆನ್ಸರ್. ಮನೆಯಲ್ಲಿ ಹಾಲು ಕಾಯಿಸೋದು ನೆನಪಿಸ್ಕೊಳ್ಳಿ. ಉಕ್ಕೋಕೆ ಇನ್ನೇನು ಕೂದಲೆಳೆ ಬಾಕಿ ಅನ್ನೋ ಹೊತ್ತಲ್ಲಿ ಚೂರೇ ಚೂರು ಉರಿ ಹೆಚ್ಚಾದ್ರೂ ಹಾಲು ಪಾತ್ರೆ ಬಾಯಿಗೆ ಬಂದುಬಿಡುತ್ತೆ. ಟಿಇಎಸ್ ಫಿಲ್ಮನ್ನ ಅದೇ ಹೊತ್ತಲ್ಲಿ ಹಿಡಿದು ನಿಲ್ಲಿಸ್ತೀವಿ, ಪೂರ್ತಿ ಅತಿವಾಹಕವೂ ಅಲ್ಲ, ಮಾಮೂಲಿ ಲೋಹವೂ ಅಲ್ಲ, ಮಧ್ಯದ ಆ ಒಂದೆರಡು ಮಿಲಿಕೆಲ್ವಿನ್ ಅಗಲದ ಏರಿನ ಮೇಲೆ. ಫೋಟಾನ್ ಬಿತ್ತು, ಚೂರು ಬಿಸಿ ಆಯ್ತು, ರೆಸಿಸ್ಟೆನ್ಸ್ ಜಿಗೀತು, ಕರೆಂಟ್ ಬಿತ್ತು, ಆ ಬಿದ್ದ ಕರೆಂಟನ್ನ ಸ್ಕ್ವಿಡ್ ಅನ್ನೋ, ತೀರಾ ಸಣ್ಣ ಕಾಂತಕ್ಷೇತ್ರವನ್ನೂ ಅಳೆಯೋ ಸಾಧನ ಓದುತ್ತೆ. ಆದ್ರೆ ಉಕ್ಕೋ ಹಾಲನ್ನ ಅಲ್ಲೇ ನಿಲ್ಲಿಸೋದು ಯಾರು? ಅಮ್ಮ ಒಲೆ ಪಕ್ಕ ನಿಂತು ಹಾಲು ಏಳ್ತಿದ್ದ ಹಾಗೆ ಉರಿ ತಗ್ಗಿಸ್ತಾರಲ್ಲ, ಇಲ್ಲೂ ಹಾಗೇನೇ. ಫಿಲ್ಮಿಗೆ ಸ್ಥಿರ ಕರೆಂಟ್ ಬದಲು ಸ್ಥಿರ ವೋಲ್ಟೇಜ್ ಕೊಟ್ರೆ, ರೆಸಿಸ್ಟೆನ್ಸ್ ಏರಿದಾಗ ಬಿಸಿಯ ಪ್ರಮಾಣ ತಾನಾಗೇ ಇಳಿಯುತ್ತೆ, ವಿ ವರ್ಗ ಭಾಗಿಸು ಆರ್, ನೀವು ಪಿಯುಸಿಯಲ್ಲಿ ಓದಿದ ಸೂತ್ರವೇ. ಸ್ಥಿರ ಕರೆಂಟ್ ಕೊಟ್ರೆ ಉಲ್ಟಾ, ಏರಿದ ಹಾಗೆಲ್ಲಾ ಬಿಸಿ ಹೆಚ್ಚಾಗಿ ಹಾಲು ಒಲೆ ಮೇಲೆ. ಅತಿವಾಹಕತೆಯ ಏರಲ್ಲಿ ಬಿಸಿ ಅಳೆಯೋ ಪ್ರಯತ್ನ 1940ರ ದಶಕದಲ್ಲೇ ಆಗಿತ್ತು, ಆದ್ರೆ ಈ ವೋಲ್ಟೇಜ್ ಉಪಾಯವನ್ನ 1995ರಲ್ಲಿ ಕೆಂಟ್ ಇರ್ವಿನ್ ಸ್ಪಷ್ಟವಾಗಿ ಬರೆದು ತೋರಿಸಿದ ಮೇಲೇನೇ ಟಿಇಎಸ್ ಎಲ್ಲರ ಕೈಗೆ ಸಿಕ್ಕಿದ್ದು. ನಡುವೆ ಐವತ್ತು ವರ್ಷ. ಹೊಸಬರಿಗೆ ನಾನು ಈ ಕಥೆ ಯಾವಾಗ್ಲೂ ಹೇಳ್ತೀನಿ, ಯಾಕಂದ್ರೆ ಬಿಡಿಸಿಕೊಟ್ಟ ಆ ಗಂಟಿಗೆ ಬೇಕಾಗಿದ್ದ ಸೂತ್ರ ಎಂಎಸ್ಸಿಗಿಂತ ಕೆಳಗಿನದು.

ಇನ್ನೊಂದು ಜಾತಿ ಎಂಕೆಐಡಿ, ಬಾಯಲ್ಲಿ ಕಿಡ್ ಅಂತೀವಿ, ಅಮೆರಿಕದ ಕ್ಯಾಲ್ಟೆಕ್ ಮತ್ತು ನಾಸಾದ ಜೆಪಿಎಲ್ ಪ್ರಯೋಗಾಲಯದವರು 2003ರಲ್ಲಿ ಮುಂದಿಟ್ಟಿದ್ದು. ಇದು ತಂಬೂರಿ ಥರ. ಒಂದೊಂದು ಪಿಕ್ಸೆಲ್ಲೂ ತನ್ನದೇ ಶ್ರುತಿಗೆ ಕೂಡಿಸಿದ ತಂತಿ, ಫೋಟಾನ್ ಬಂದು ಕೂಪರ್ ಜೋಡಿಗಳನ್ನ ಒಡೆದಾಗ ಆ ಒಂದರ ಶ್ರುತಿ ಮಾತ್ರ ಕೂದಲೆಳೆಯಷ್ಟು ಇಳಿಯುತ್ತೆ. ಸಾವಿರ ತಂಬೂರಿಯನ್ನ ಒಂದೇ ಕೇಬಲ್ಲಲ್ಲಿ ಕೇಳಬಹುದು, ಯಾವುದು ಇಳೀತು ಅಂತ ಹೇಳಬಹುದು. ಬಾಹ್ಯಾಕಾಶಕ್ಕೆ ಇದು ತುಂಬಾ ಬೆಲೆಯುಳ್ಳದ್ದು, ಯಾಕಂದ್ರೆ ಚಿಪ್‌ಗೆ ಹೋಗೋ ಒಂದೊಂದು ವೈರೂ ಬಿಸಿಯನ್ನ ಒಳಗೆ ತರುತ್ತೆ, ಅಷ್ಟು ತಣ್ಣಗಿರೋ ಜಾಗದಲ್ಲಿ ನಮ್ಮ ಕೂಲರ್‌ಗೆ ಹೊರಹಾಕೋಕಾಗೋ ಬಿಸಿ ಮೈಕ್ರೋವಾಟ್ ಲೆಕ್ಕದ್ದು.

ಈಗ ದಿನನಿತ್ಯದ ಕೆಲಸ ಏನು ಅಂತ ಹೇಳ್ತೀನಿ, ನಿಮ್ಮ ಮೊದಲನೇ ಹೆದರಿಕೆಗೆ ಉತ್ತರ ಅಲ್ಲೇ ಇದೆ. ಹೊಸದಾಗಿ ಬರೋ ಹುಡುಗ ಹುಡುಗೀರು ಅತಿವಾಹಕತೆಯ ಬಿಸಿಎಸ್ ಥಿಯರಿ ಪಟಪಟ ಅಂತ ಬರೀತಾರೆ, ಆದ್ರೆ ಮೊದಲನೇ ವರ್ಷ ಅವರು ಮಾಡೋದು ವೈರಿಂಗು, ಲೀಕ್ ಹುಡುಕೋದು, ತಾಮ್ರದ ತುಂಡುಗಳನ್ನ ಒರೆಸಿ ಸ್ಕ್ರೂ ಬಿಗಿಯೋದು, ಮತ್ತೆ ನಾಯ್ಸ್, ಅಂದ್ರೆ ಅಳತೆಯಲ್ಲಿ ಸೇರೋ ಬೇಡದ ಗದ್ದಲ, ಅದರ ಜಾಡು ಹಿಡಿಯೋದು. ನಾನು ಪಿಎಚ್‌ಡಿ ಎರಡನೇ ವರ್ಷದಲ್ಲಿದ್ದಾಗ ನನ್ನ ಅರೇಯ (ಪಿಕ್ಸೆಲ್‌ಗಳ ಸಾಲು ಸಾಲು ಇರೋ ಚಿಪ್) ಒಂದು ಮೂಲೆಯ ಪಿಕ್ಸೆಲ್‌ಗಳು ಯಾವಾಗ ನೋಡಿದ್ರೂ ಬೆಳಕು ಬೀಳ್ತಿದೆ ಅಂತ ಹೇಳ್ತಿದ್ದವು, ಮುಂದೆ ಮುಚ್ಚಳ ಹಾಕಿದ್ರೂ ಅಷ್ಟೇ. ಫಿಲ್ಮೇ ಸರಿಯಿಲ್ಲ ಅಂತ ಕ್ಲೀನ್‌ರೂಂನಲ್ಲಿ ಹೊಸ ಚಿಪ್ ಮಾಡಿಸಿದೆ, ಅದೂ ಹಾಗೇ. ಗ್ರೌಂಡಿಂಗ್ ಬದಲಾಯಿಸಿದೆ, ಕೇಬಲ್ ಬದಲಾಯಿಸಿದೆ, ಪ್ರತೀ ಸಲ ಫ್ರಿಡ್ಜ್ ಬಿಸಿ ಮಾಡಿ ತೆಗೆದು ಮತ್ತೆ ತಣ್ಣಗಾಗೋಕೆ ವಾರ. ಮೂರು ತಿಂಗಳಾದ ಮೇಲೆ ಸಿಕ್ಕಿದ್ದು ಡಿಟೆಕ್ಟರ್ ಬಾಕ್ಸಿನ ಒಂದು ಖಾಲಿ ಸ್ಕ್ರೂ ತೂತು. ಅದರಾಚೆ ಇದ್ದದ್ದು ಫ್ರಿಡ್ಜಿನದೇ 4 ಕೆಲ್ವಿನ್ ಗೋಡೆ, ಕಗ್ಗತ್ತಲು. ನಮ್ಮ ಕಣ್ಣಿಗೆ ಕತ್ತಲು, ಆದ್ರೆ 4 ಕೆಲ್ವಿನ್ ಇರೋ ಯಾವ ವಸ್ತುವೂ ಇನ್ನೂರು ಮುನ್ನೂರು ಗಿಗಾಹರ್ಟ್ಸ್ ಆಸುಪಾಸಲ್ಲಿ ಹೊಳೀತಾ ಇರುತ್ತೆ, ಅಲ್ಯೂಮಿನಿಯಂಗೆ 90 ಗಿಗಾಹರ್ಟ್ಸ್ ಮೇಲಿನದೆಲ್ಲಾ ಬೆಳಕೇ. ಅಲ್ಯೂಮಿನಿಯಂ ಟೇಪ್ ಅಂಟಿಸಿ ಕರಿ ಎಪಾಕ್ಸಿ ಬಳಿದೆ, ಮೂಲೆ ಕತ್ತಲಾಯ್ತು. ಆ ದಿನ ನನಗಾದ ಸಂತೋಷ ಪೇಪರ್ ಪ್ರಿಂಟ್ ಆದ ದಿನಾನೂ ಆಗಿಲ್ಲ. ಯಾವ ತಾಪಮಾನದ ವಸ್ತು ಎಷ್ಟು ಹೊಳೆಯುತ್ತೆ ಅಂತ ಹೇಳೋ ಪ್ಲ್ಯಾಂಕ್ ನಿಯಮವನ್ನ ಬಿಎಸ್ಸಿಯಿಂದ ಓದಿದ್ದೆ, ಅದು ನನಗೆ ಅರ್ಥ ಆಗಿದ್ದು ಆ ತೂತಿನಿಂದ.

ಇದನ್ನ ಯಾಕೆ ಇಷ್ಟುದ್ದ ಹೇಳಿದೆ ಅಂದ್ರೆ, ಆ ಮೂರು ತಿಂಗಳಲ್ಲಿ ನನಗೆ ಬೇಕಾಗಿದ್ದು ಒಂದ್ಸಲಕ್ಕೆ ಒಂದೇ ವಿಷಯ ಬದಲಾಯಿಸೋ ಸಂಯಮ, ಬದಲಾಯಿಸಿದ್ದನ್ನೆಲ್ಲಾ ಪುಸ್ತಕದಲ್ಲಿ ತಾರೀಖು ಸಮೇತ ಬರೆಯೋ ಅಭ್ಯಾಸ, ನನ್ನ ಅಂದಾಜು ತಪ್ಪು ಅಂತ ಒಪ್ಪಿಕೊಳ್ಳೋ ಮನಸ್ಸು. ಇದಕ್ಕೆ ಐಐಟಿ ಸೀಲ್ ಬೇಕಿಲ್ಲ. ಎಲೆಕ್ಟ್ರಾನಿಕ್ಸ್ ಗೊತ್ತಿರ್ಬೇಕು ಅನ್ನೋದು ಮಾತ್ರ ನಿಜ, ನಿಮ್ಮ ಸರ್ ಅಷ್ಟರಮಟ್ಟಿಗೆ ಸರಿ ಹೇಳಿದಾರೆ, ಆದ್ರೆ ಅದನ್ನ ಫಿಸಿಕ್ಸ್‌ನವರು ಕಲೀಬಹುದು, ನನ್ನ ಜೊತೆ ಕೆಲಸ ಮಾಡಿದವರಲ್ಲಿ ಹೆಚ್ಚಿನವರು ಫಿಸಿಕ್ಸ್‌ನವರೇ. ಹೊಸಬರನ್ನ ತಗೋಳುವಾಗ ನಾನು ಕೇಳೋ ಮೊದಲನೇ ಪ್ರಶ್ನೆ, ನೀನೇ ಕಟ್ಟಿ ಕೆಟ್ಟುಹೋಗಿದ್ದ ಒಂದು ವಸ್ತುವನ್ನ ಹೇಗೆ ಸರಿ ಮಾಡಿದೆ ಹೇಳು ಅಂತ. ಇದಕ್ಕೆ ಉತ್ತರ ಇಲ್ದೇ ಇರೋ ಗೋಲ್ಡ್ ಮೆಡಲಿಸ್ಟುಗಳು ತುಂಬಾ ಜನ ಬರ್ತಾರೆ.

ನಿಮ್ಮ ಹತ್ರ ಲಿಕ್ವಿಡ್ ನೈಟ್ರೋಜನ್ ಇದೆ ಅಂದ್ರಲ್ಲ, ಅದನ್ನ ಕಡಿಮೆ ಅಂದ್ಕೋಬೇಡಿ. ಇಲ್ಲದ ಕಾಲೇಜಿನವರೂ ಪಶು ಆಸ್ಪತ್ರೆಯವರನ್ನ ಕೇಳಿ ನೋಡಬಹುದು, ಕೃತಕ ಗರ್ಭಧಾರಣೆಗೆ ವೀರ್ಯದ ಕಡ್ಡಿ ಇಡೋದು ಅದರಲ್ಲೇ. ವೈಬಿಸಿಓ ಅನ್ನೋ ಕರಿ ಬಿಲ್ಲೆ ಸುಮಾರು 92 ಕೆಲ್ವಿನ್‌ನಲ್ಲಿ ಅತಿವಾಹಕ ಆಗುತ್ತೆ, ನೈಟ್ರೋಜನ್ 77, ಹಾಗಾಗಿ ಇಡೀ ಏರು ನಿಮ್ಮ ಕೈಯಳತೆಯಲ್ಲಿದೆ. ಬಿಲ್ಲೆಗೆ ಸಿಲ್ವರ್ ಪೇಸ್ಟಿಂದ ನಾಲ್ಕು ವೈರ್ ಹಾಕಿ, ಹೊರಗಿನ ಎರಡರಲ್ಲಿ ಕರೆಂಟ್, ಒಳಗಿನ ಎರಡರಲ್ಲಿ ವೋಲ್ಟೇಜ್, ಪಕ್ಕದಲ್ಲೇ ಪಿಟಿ-100 ಥರ್ಮಾಮೀಟರ್, ನೈಟ್ರೋಜನ್ ಮೇಲಿನ ಆವಿಯಲ್ಲಿ ನಿಧಾನಕ್ಕೆ ಇಳಿಸಿ ಏರಿಸಿ ಅಳೀರಿ. ಪ್ರತೀ ಬಿಂದುವಲ್ಲೂ ಕರೆಂಟ್ ದಿಕ್ಕು ತಿರುಗಿಸಿ ಇನ್ನೊಂದ್ಸಲ ಅಳೀಬೇಕು, ಇಲ್ದಿದ್ರೆ ಬಿಸಿ ತಣ್ಣನೆಯ ವ್ಯತ್ಯಾಸದಿಂದ ವೈರಲ್ಲೇ ಹುಟ್ಟೋ ಪುಟ್ಟ ವೋಲ್ಟೇಜು ನಿಮ್ಮ ಸೊನ್ನೆಯನ್ನ ಸೊನ್ನೆ ಆಗೋಕೆ ಬಿಡಲ್ಲ. ಹೊಸ ಟಿಇಎಸ್ ಫಿಲ್ಮ್ ಬಂದಾಗ ನಾವು ಮಾಡೋ ಮೊದಲನೇ ಅಳತೆಯೂ ಇದೇ, ನಮ್ಮದು ಸಾವಿರ ಪಟ್ಟು ತಣ್ಣಗೆ ಅನ್ನೋದೊಂದೇ ವ್ಯತ್ಯಾಸ.

ಅದಾದ ಮೇಲೆ ನಾಯ್ಸ್. 10 ಕಿಲೋಓಮ್‌ನ ಮೆಟಲ್ ಫಿಲ್ಮ್ ರೆಸಿಸ್ಟರ್ ತಗೊಳ್ಳಿ, ಅಂಗಡೀಲಿ ಒಂದೆರಡು ರೂಪಾಯಿಗೆ ಸಿಗುತ್ತೆ. ಅದಕ್ಕೆ ಬ್ಯಾಟರಿ ಹಾಕ್ದೇ ಇದ್ರೂ ಅದರ ಎರಡು ತುದಿ ಮಧ್ಯೆ ವೋಲ್ಟೇಜ್ ನಡುಗ್ತಾ ಇರುತ್ತೆ, ಕೋಣೆ ಬಿಸಿಯಲ್ಲಿ ಸುಮಾರು 13 ನ್ಯಾನೋವೋಲ್ಟ್ ಪ್ರತಿ ರೂಟ್ ಹರ್ಟ್ಸ್, ಜಾನ್ಸನ್ ನಾಯ್ಸ್. ಒಳ್ಳೇ ಆಪ್‌ಆಂಪ್ (ಆಂಪ್ಲಿಫೈಯರ್ ಚಿಪ್) ಹಾಕಿ ಸಾವಿರ ಪಟ್ಟು ಹಿಗ್ಗಿಸಿ ಲ್ಯಾಪ್‌ಟಾಪ್ ಸೌಂಡ್‌ಕಾರ್ಡಿಂದ ಓದಿ. ಆಮೇಲೆ ರೆಸಿಸ್ಟರನ್ನ ನೈಟ್ರೋಜನ್ನಲ್ಲಿ ಮುಳುಗಿಸಿ, ನಡುಕ ಅರ್ಧಕ್ಕಿಳೀಬೇಕು. ಮೊದಲನೇ ಸಲ ಖಂಡಿತಾ ಇಳಿಯಲ್ಲ, 50 ಹರ್ಟ್ಸ್ ಕರೆಂಟಿನ ಗುಂಯ್ ಸದ್ದು ಎಲ್ಲಾನೂ ಮುಚ್ಚಿಹಾಕಿರುತ್ತೆ. ಬಿಸ್ಕೆಟ್ ಡಬ್ಬಿಯೊಳಗೆ ಇಡಿ, ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ, ವೈರ್ ಗಿಡ್ಡ ಮಾಡಿ, ಟ್ಯೂಬ್‌ಲೈಟ್ ಆರಿಸಿ. ಅರ್ಧಕ್ಕೆ ಇಳಿದ ದಿನ ನಿಮ್ಮ ಅರ್ಜಿಯಲ್ಲಿ ಬರೆಯೋಕೆ ಒಂದು ನಿಜವಾದ ಪ್ಯಾರಾ ಇರುತ್ತೆ. ಒಂದು ಎಚ್ಚರಿಕೆ, ಒಂದು ಲೀಟರ್ ದ್ರವ ನೈಟ್ರೋಜನ್ ಆವಿಯಾದ್ರೆ ಸುಮಾರು 700 ಲೀಟರ್ ಗ್ಯಾಸ್ ಆಗುತ್ತೆ, ಕಿಟಕಿ ತೆಗೆದಿಡಿ, ಮುಚ್ಚಳ ಬಿಗಿದ ಪಾತ್ರೇಲಿ ಯಾವತ್ತೂ ಹಾಕ್ಬೇಡಿ, ಒಬ್ರೇ ಇದ್ದಾಗ ಮಾಡ್ಬೇಡಿ.

ಈಗ ಎರಡನೇ ಹೆದರಿಕೆ, ಸ್ಪೈಕಾ. ಜಪಾನ್ ಮತ್ತು ಯುರೋಪಿನ ಜಂಟಿ ಇನ್ಫ್ರಾರೆಡ್ ಟೆಲಿಸ್ಕೋಪ್ ಅದು, ಅದರ ಸಫಾರಿ ಉಪಕರಣಕ್ಕೆ ಟಿಇಎಸ್ ಅರೇಗಳನ್ನ ವರ್ಷಗಟ್ಟಲೆ ಬೆಳೆಸಿದ್ರು, ಡಚ್ ಸಂಸ್ಥೆ ಎಸ್ಆರ್‌ಓಎನ್ ಮುಂದಾಳತ್ವ. 2020ರ ಅಕ್ಟೋಬರ್‌ನಲ್ಲಿ ದುಡ್ಡಿನ ಲೆಕ್ಕ ಕೂಡಿ ಬರಲ್ಲ ಅಂತ ಎರಡೂ ಕಡೆಯವರು ಕೈಬಿಟ್ರು. ಈ ಕ್ಷೇತ್ರದ ನಮಗೆಲ್ಲಾ ಅದು ಮನೇಲಿ ಸಾವಾದ ಹಾಗೆ ಇತ್ತು, ಅದನ್ನ ಮುಚ್ಚಿಡಲ್ಲ. ಆದ್ರೆ ಫಿಲ್ಮ್ ಹಾಕೋಕೆ, ಅಳೆಯೋಕೆ, ಓದೋಕೆ ಕಲಿತ ಕೈಗಳು ಖಾಲಿ ಕೂರಲಿಲ್ಲ. ಯುರೋಪಿನ ಮುಂದಿನ ಎಕ್ಸ್-ರೇ ವೀಕ್ಷಣಾಲಯ ನ್ಯೂ ಅಥೀನಾದ ಎಕ್ಸ್-ಐಎಫ್‌ಯು ಉಪಕರಣಕ್ಕೂ ಟಿಇಎಸ್ಸೇ ಬೇಕು, ಅದು 2030ರ ದಶಕದ ಕೊನೆಗೆ. ದೂರದ ಇನ್ಫ್ರಾರೆಡ್ ಕನಸೂ ಸಾಯಲಿಲ್ಲ, ಪ್ರೈಮಾ ಅನ್ನೋ ಯೋಜನೆಯಾಗಿ ಎದ್ದು ಬಂತು, ಈ ಸಲ ಕಿಡ್ ಡಿಟೆಕ್ಟರುಗಳ ಜೊತೆ, 2024ರ ಅಕ್ಟೋಬರ್‌ನಲ್ಲಿ ನಾಸಾ ಅದನ್ನ ಕೊನೇ ಎರಡು ಪ್ರಸ್ತಾಪಗಳಲ್ಲಿ ಒಂದಾಗಿ ಆರಿಸಿತು.

ಇದಕ್ಕಿಂತ ಕಷ್ಟದ ಕಥೆ ಜಪಾನಿನದು. ಎಕ್ಸ್-ರೇ ಕ್ಯಾಲರಿಮೀಟರ್, ಅಂದ್ರೆ ಒಂದೊಂದು ಎಕ್ಸ್-ರೇ ಫೋಟಾನ್ ತರೋ ಬಿಸಿಯಿಂದ ಅದರ ಶಕ್ತಿ ಅಳೆಯೋ ಉಪಕರಣ, ಅನ್ನೋ ಯೋಚನೆ 1984ರ ಸುಮಾರಿನದು. ಅದನ್ನ ಹೊತ್ತ ಮೊದಲ ಉಪಗ್ರಹ ಆಸ್ಟ್ರೋ-ಇ 2000ದ ಫೆಬ್ರವರಿಯಲ್ಲಿ ಉಡಾವಣೆಯಲ್ಲೇ ಹೋಯ್ತು. 2005ರ ಜುಲೈಯಲ್ಲಿ ಸುಝಾಕು ಹಾರಿತು, ಒಂದೇ ತಿಂಗಳಲ್ಲಿ ತಣ್ಣಗಿಡೋ ಹೀಲಿಯಂ ಎಲ್ಲಾ ಸೋರಿ ಆ ಉಪಕರಣ ಸತ್ತುಹೋಯ್ತು. 2016ರ ಫೆಬ್ರವರಿ 17ಕ್ಕೆ ಹಿಟೋಮಿ ಹಾರಿತು, ಮಾರ್ಚ್ 26ಕ್ಕೆ ಗಿರಗಿರ ತಿರುಗಿ ಒಡೆದುಹೋಯ್ತು. ಆ ಐದಾರು ವಾರದಲ್ಲೇ ಅದು ಪರ್ಸಿಯಸ್ ಗ್ಯಾಲಕ್ಸಿ ಸಮೂಹದ ಬಿಸಿ ಅನಿಲದ ವೇಗದ ಹರಹು ಸೆಕೆಂಡಿಗೆ ಸುಮಾರು 164 ಕಿಲೋಮೀಟರ್ ಅಂತ ಅಳೆದು ಕೊಟ್ಟಿತ್ತು, ಅಂಥಾ ಅಳತೆ ಅದಕ್ಕೆ ಮುಂಚೆ ಯಾರಿಗೂ ಆಗಿರಲಿಲ್ಲ. ಕೊನೆಗೆ 2023ರ ಸೆಪ್ಟೆಂಬರ್ 7ಕ್ಕೆ ಕ್ರಿಸ್ಮ್ ಹೋಯ್ತು, ಈಗ ಕೆಲಸ ಮಾಡ್ತಿದೆ, ಡಿಟೆಕ್ಟರ್ ಮುಂದಿನ ಬಾಗಿಲು ತೆರೀಲಿಲ್ಲ ಆದ್ರೂ ಬೆರಿಲಿಯಂ ಕಿಟಕಿಯ ಮೂಲಕವೇ ನೋಡ್ತಿದೆ. ಇವೆಲ್ಲಾ 50-60 ಮಿಲಿಕೆಲ್ವಿನ್‌ನಲ್ಲಿ ಕೆಲಸ ಮಾಡೋ ಸಿಲಿಕಾನ್ ಥರ್ಮಿಸ್ಟರುಗಳು (ಬಿಸಿಯ ಜೊತೆ ರೆಸಿಸ್ಟೆನ್ಸ್ ಬದಲಾಗೋ ಥರ್ಮಾಮೀಟರು), ಸೂಪರ್‌ಕಂಡಕ್ಟಿಂಗ್ ಅಲ್ಲ, ಆದ್ರೆ ಇವತ್ತಿನ ಎಕ್ಸ್-ರೇ ಟಿಇಎಸ್ ಕಸುಬು ಇದೇ ಮನೆತನದ್ದು, ಇದೇ ಜನ ಕಲಿಸಿದ್ದು.

ಯಾಕೆ ಹೀಗಾಗುತ್ತೆ ಅಂದ್ರೆ ಕಾರಣ ಸರಳ. ಇಂಥಾ ಉಪಗ್ರಹಕ್ಕೆ ಯೋಚನೆಯಿಂದ ಉಡಾವಣೆವರೆಗೆ ಇಪ್ಪತ್ತು ವರ್ಷ ಹಿಡಿಯೋದು ಮಾಮೂಲು, ಪಿಎಚ್‌ಡಿ ನಾಲ್ಕೈದು ವರ್ಷ. ಯಾವ ವಿದ್ಯಾರ್ಥಿಯೂ ಮೊದಲಿಂದ ಕೊನೇವರೆಗೆ ಇರೋಕಾಗಲ್ಲ. ಹಾಗಾಗಿ ಗೈಡ್ ಆರಿಸುವಾಗ ಕೇಳಲೇಬೇಕಾದ ಪ್ರಶ್ನೆ, ಈ ಮಿಷನ್ ನಾಳೆ ರದ್ದಾದ್ರೆ ನನ್ನ ಥೀಸಿಸ್ಸಲ್ಲಿ ಏನು ಉಳಿಯುತ್ತೆ ಅಂತ. ಡಿಟೆಕ್ಟರ್ ಒಳಗಿನ ಫಿಸಿಕ್ಸ್ ಮೇಲೆ ಎರಡು ಅಧ್ಯಾಯ ನಿಲ್ಲುತ್ತೆ, ಭೂಮಿ ಮೇಲಿನ ಟೆಲಿಸ್ಕೋಪಲ್ಲಿ ಇದೇ ಚಿಪ್ ಹಾಕಿ ಆಕಾಶ ನೋಡೋ ಅವಕಾಶ ಇದೆ ಅಂದ್ರೆ ಧೈರ್ಯವಾಗಿ ಹೋಗಿ. ಉಡಾವಣೆ ಆದ ಮೇಲೆ ಡೇಟಾ ಬರುತ್ತೆ ಅದರ ಮೇಲೆ ಬರೀಬಹುದು ಅಂದ್ರೆ ಎದ್ದು ಬನ್ನಿ, ಎಷ್ಟು ದೊಡ್ಡ ಹೆಸರಾಗಿದ್ರೂ.

ಕಲಿಯೋಕೆ ನಿಜವಾಗಿ ಚೆನ್ನಾಗಿರೋದು ಪುಟ್ಟ ಯೋಜನೆಗಳು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಮೈಕ್ರೋ-ಎಕ್ಸ್ ಅನ್ನೋ ಸೌಂಡಿಂಗ್ ರಾಕೆಟ್ (ಕಕ್ಷೆಗೆ ಹೋಗದೆ ಮೇಲೇರಿ ವಾಪಸ್ ಬೀಳೋದು) ನೋಡಿ, ಬಾಹ್ಯಾಕಾಶದಲ್ಲಿ ಟಿಇಎಸ್ ಅರೇ ಓಡಿಸಿದ್ದು ಅದೇ ಮೊದಲು, 2018ರ ಜುಲೈ, ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್‌ನಿಂದ. ಆಕಾಶ ನೋಡೋಕೆ ಸಿಗೋದೇ ಐದಾರು ನಿಮಿಷ. ಆ ಸಲ ರಾಕೆಟ್ ಗುರಿ ಕಡೆ ತಿರುಗಲಿಲ್ಲ, ಆದ್ರೆ ಡಿಟೆಕ್ಟರುಗಳು ಕೆಲಸ ಮಾಡಿದ್ವು, 2022ರಲ್ಲಿ ಮತ್ತೆ ಹಾರಿಸಿ ಕ್ಯಾಸಿಯೋಪಿಯ-ಎ ಅನ್ನೋ ಸ್ಫೋಟಗೊಂಡ ನಕ್ಷತ್ರದ ಅವಶೇಷ ನೋಡಿದ್ರು. ಇಂಥಾ ಕಡೆ ವಿದ್ಯಾರ್ಥಿ ವೈರ್ ಬೆಸುಗೆಯಿಂದ ಉಡಾವಣೆ ದಿನದವರೆಗೆ ಎಲ್ಲಾ ಮುಟ್ಟಿ ನೋಡ್ತಾರೆ. ಬಲೂನ್ ಪ್ರಯೋಗಗಳೂ ಹಾಗೇ, ಅಂಟಾರ್ಕ್ಟಿಕಾದ ಮೇಲೆ 2015ರಲ್ಲಿ ಹಾರಿದ ಸ್ಪೈಡರ್‌ನಲ್ಲಿ ಟಿಇಎಸ್ ಇತ್ತು, 2020ರ ಬ್ಲಾಸ್ಟ್-ಟಿಎನ್‌ಜಿಯಲ್ಲಿ ಕಿಡ್. ಚಿಲಿಯ ಸೈಮನ್ಸ್ ವೀಕ್ಷಣಾಲಯದಲ್ಲಂತೂ 60 ಸಾವಿರಕ್ಕೂ ಹೆಚ್ಚು ಟಿಇಎಸ್, ಅಲ್ಲಿ ಕೈ ಪಳಗಿದವರೇ ನಾಳೆ ಉಪಗ್ರಹಕ್ಕೆ ಬರೋದು.

ದಾರಿಗಳು ಯಾವುವು ಅಂದ್ರೆ, ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ಮೊದಲನೇ ವರ್ಷ ದೇಶದಲ್ಲೇ ಒಂದು ಲೋ ಟೆಂಪರೇಚರ್ ಲ್ಯಾಬಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗೋಕೆ ನೋಡ್ತಿದ್ದೆ. ಐಐಎಸ್ಸಿ, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್, ಎರಡೂ ಕಡೆ ಸೂಪರ್‌ಕಂಡಕ್ಟಿಂಗ್ ಕ್ವಾಂಟಮ್ ಸರ್ಕ್ಯೂಟ್ ಮಾಡೋ ಗುಂಪುಗಳಿವೆ, ಮಿಲಿಕೆಲ್ವಿನ್ ಫ್ರಿಡ್ಜುಗಳಿವೆ. ಕಲ್ಪಾಕ್ಕಂನ ಅಣು ಸಂಶೋಧನಾ ಕೇಂದ್ರ ಐಜಿಸಿಎಆರ್‌ನವರು ಸ್ಕ್ವಿಡ್‌ಗಳನ್ನ ಇಲ್ಲೇ ಮಾಡ್ತಾರೆ, ಅದರಿಂದ ಮೆದುಳಿನ ಕಾಂತಕ್ಷೇತ್ರ ಅಳೆಯೋವರೆಗೆ ಹೋಗಿದಾರೆ, ಟಿಇಎಸ್ ಓದೋಕೆ ಬೇಕಾದ ವಿದ್ಯೆಯೇ ಅದು, ಆದ್ರೂ ನಮ್ಮ ಹುಡುಗರಿಗೆ ಆ ಜಾಗ ನೆನಪಿಗೇ ಬರಲ್ಲ. ಹೈದರಾಬಾದಿನ ಟಿಐಎಫ್‌ಆರ್ ಬಲೂನ್ ಕೇಂದ್ರದಿಂದ 100 ಸೆಂಟಿಮೀಟರ್‌ನ ಇನ್ಫ್ರಾರೆಡ್ ಟೆಲಿಸ್ಕೋಪ್ ಹಾರಿಸ್ತಾರೆ, ಡಿಟೆಕ್ಟರ್ ಜರ್ಮೇನಿಯಂನದು, ಆದ್ರೆ ದ್ರವ ಹೀಲಿಯಂನಲ್ಲಿಟ್ಟ ಉಪಕರಣವನ್ನ ಆಕಾಶಕ್ಕೆ ಕಳಿಸೋ ಶಿಸ್ತು ಅಲ್ಲಿ ಕಾಣ್ಬಹುದು. ಕ್ಲೀನ್‌ರೂಂ ಮುಟ್ಟಿ ನೋಡೋಕೆ ಐಎನ್‌ಯುಪಿ ಅನ್ನೋ ಕಾರ್ಯಕ್ರಮ ಇದೆ, ಐಐಎಸ್ಸಿ, ಐಐಟಿ ಬಾಂಬೆ ಥರದ ಕಡೆ ಹೊರಗಿನ ಕಾಲೇಜಿನವರಿಗೂ ತರಬೇತಿ ಕೊಡ್ತಾರೆ. ಈ ದಾರಿಯ ಅಪಾಯ ಏನಂದ್ರೆ ಖಗೋಳಕ್ಕೇ ಅಂತ ಈ ಡಿಟೆಕ್ಟರ್ ಮಾಡ್ಸೋ ಗೈಡುಗಳು ಇಲ್ಲಿ ಬೆರಳೆಣಿಕೆ, 2023ರ ಏಪ್ರಿಲ್‌ನಲ್ಲಿ 6003 ಕೋಟಿಯ ಕ್ವಾಂಟಮ್ ಮಿಷನ್ ಬಂದ ಮೇಲೆ ಫ್ರಿಡ್ಜುಗಳ ಸಂಖ್ಯೆ ಏರ್ತಿದೆ ಆದ್ರೆ ಎಳೆಯೋದು ಕ್ವಾಂಟಮ್ ಕಂಪ್ಯೂಟರ್ ಕಡೆಗೆ. ಅದೂ ಕೆಟ್ಟದ್ದಲ್ಲ, ಫ್ರಿಡ್ಜು, ಕೇಬಲ್, ಆಂಪ್ಲಿಫೈಯರ್ ಎಲ್ಲಾ ಒಂದೇ, ಆದ್ರೆ ನಕ್ಷತ್ರವೇ ಬೇಕು ಅನ್ನೋ ಹಟ ಇದ್ರೆ ಅದನ್ನ ನೀವೇ ನೆನಪಿಟ್ಕೋಬೇಕು.

ಹೊರದೇಶಕ್ಕೆ ಹೋಗೋದಾದ್ರೆ ನೆದರ್ಲೆಂಡ್ಸ್ ನನಗೆ ಗೊತ್ತಿರೋ ದಾರಿ. ಅಲ್ಲಿ ಪಿಎಚ್‌ಡಿ ಅಂದ್ರೆ ನಾಲ್ಕು ವರ್ಷದ ನೌಕರಿ, ಸಂಬಳ ಬರುತ್ತೆ, ಫೀಸ್ ಕಟ್ಟೋದಿಲ್ಲ. 1911ರಲ್ಲಿ ಕಾಮರ್ಲಿಂಗ್ ಓನ್ಸ್ ಪಾದರಸದ ರೆಸಿಸ್ಟೆನ್ಸ್ 4.2 ಕೆಲ್ವಿನ್‌ನಲ್ಲಿ ಮಾಯವಾಗಿದ್ದು ನೋಡಿದ ಲೈಡನ್ ಊರಲ್ಲೇ ಈಗ ಎಸ್ಆರ್‌ಓಎನ್ ಇದೆ, ಇನ್ನೊಂದು ಶಾಖೆ ಖ್ರೋನಿಂಗನ್ನಲ್ಲಿ, ಪಕ್ಕದ ಡೆಲ್ಫ್ಟ್‌ನಲ್ಲಿ ಕಿಡ್ ಮಾಡೋರು. ಸ್ವೀಡನ್ನಿನ ಚಾಲ್ಮರ್ಸ್, ಜರ್ಮನಿಯ ಕಲೋನ್, ಬ್ರಿಟನ್ನಿನ ಕಾರ್ಡಿಫ್ ಕೂಡ ಇವೆ. ಸೀಟು ತುಂಬಾ ಕಡಿಮೆ, ಒಂದು ಜಾಗಕ್ಕೆ ಬೇರೆ ಬೇರೆ ದೇಶದವರು ಹಾಕ್ತಾರೆ, ಮೊದಲನೇ ಸಲಕ್ಕೆ ಸಿಗ್ದೇ ಹೋದ್ರೆ ಅದು ನಿಮ್ಮ ಯೋಗ್ಯತೆಯ ಮಾತಲ್ಲ. ಪಿಎಚ್‌ಡಿ ಆದ ಮೇಲೆ ಎರಡೆರಡು ವರ್ಷದ ಕಾಂಟ್ರ್ಯಾಕ್ಟಲ್ಲಿ ಊರೂರು ಅಲೆಯೋದಿರುತ್ತೆ, ಮದುವೆ, ಅಪ್ಪ ಅಮ್ಮನ ವಯಸ್ಸು, ಇದನ್ನೆಲ್ಲಾ ಈಗಲೇ ಮನೇಲಿ ಮಾತಾಡಿ, ನಾನು ಮಾತಾಡಿರಲಿಲ್ಲ, ಅದರ ನೋವು ಎರಡೂ ಕಡೆ ಆಯ್ತು. ಅಮೆರಿಕದಲ್ಲಿ ನಾಸಾದ ಗೊಡಾರ್ಡ್ ಮತ್ತು ಜೆಪಿಎಲ್, ಬೋಲ್ಡರ್‌ನ ನಿಸ್ಟ್ ಪ್ರಯೋಗಾಲಯ, ಎಲ್ಲಾ ಘಟಾನುಘಟಿಗಳು, ಆದ್ರೆ ಬಾಹ್ಯಾಕಾಶ ಹಾರ್ಡ್‌ವೇರ್ ಮೇಲೆ ಅಲ್ಲಿ ರಫ್ತು ನಿಯಂತ್ರಣ ಕಾನೂನಿದೆ, ವಿದೇಶೀ ವಿದ್ಯಾರ್ಥಿಗೆ ಕೆಲವು ಬಾಗಿಲು ತೆರೆಯೋದೇ ಇಲ್ಲ. ಸೇರೋಕೆ ಮುಂಚೆ ಗೈಡ್‌ಗೆ ನೇರವಾಗಿ ಕೇಳಿ, ನಾನು ಹಾರುವ ಉಪಕರಣವನ್ನ ಮುಟ್ಟಬಹುದಾ ಅಂತ.

ಬಿಎಡ್ ವಿಷಯ. ಮನೆ ಪರಿಸ್ಥಿತಿ ಈಗಲೇ ದುಡಿಯಬೇಕು ಅನ್ನೋ ಹಾಗಿದ್ರೆ ಅದು ಸೋಲಲ್ಲ, ಆದ್ರೆ ಹೆದರಿಕೆಯಿಂದ ಮಾಡ್ಬೇಡಿ. ಅಪ್ಪಾಜಿಯವರಿಗೆ ಹೇಳಿ, ದೇಶದಲ್ಲೇ ಜೆಆರ್‌ಎಫ್ ಅನ್ನೋ ಸಂಶೋಧನಾ ಫೆಲೋಶಿಪ್ ಸಿಕ್ರೆ 2023ರಿಂದ ತಿಂಗಳಿಗೆ 37 ಸಾವಿರ ಸ್ಟೈಪೆಂಡು, ಮನೆ ಬಾಡಿಗೆ ಭತ್ಯೆ ಬೇರೆ. ಇದನ್ನ ಕಲಿತವರಿಗೆ ಟೆಲಿಸ್ಕೋಪ್ ಒಂದೇ ಗತಿ ಅಲ್ಲ, ಬೆಂಗಳೂರಿನ ಕ್ಯೂಪಿಎಐ ಕಂಪನಿ 2025ರಲ್ಲಿ 25 ಕ್ಯೂಬಿಟ್‌ನ ಸೂಪರ್‌ಕಂಡಕ್ಟಿಂಗ್ ಕ್ವಾಂಟಮ್ ಕಂಪ್ಯೂಟರ್ ತೋರಿಸಿತು, ಫ್ರಿಡ್ಜ್ ಮಾಡೋ ಫಿನ್ಲೆಂಡಿನ ಬ್ಲೂಫೋರ್ಸ್ ಥರದ ಕಂಪನಿಗಳಿವೆ, ಎಂಆರ್‌ಐ ಮ್ಯಾಗ್ನೆಟ್ಟಿನವರಿದಾರೆ. ನನ್ನ ಜೊತೆ ಪಿಎಚ್‌ಡಿ ಮಾಡಿದವರಲ್ಲಿ ಖಗೋಳದಲ್ಲೇ ಉಳಿದವರು ಅರ್ಧಕ್ಕಿಂತ ಕಡಿಮೆ, ಕೆಲಸ ಇಲ್ಲದೆ ಕೂತವರು ಒಬ್ರೂ ಇಲ್ಲ. ಪರ್ಮನೆಂಟ್ ಪ್ರೊಫೆಸರ್ ಕೆಲಸ ಖಾತ್ರಿ ಅಂತ ಮಾತ್ರ ಅವರಿಗೆ ಹೇಳ್ಬೇಡಿ, ಅದು ನಿಜ ಅಲ್ಲ.

ಪರೀಕ್ಷೆ ಮುಗಿದ ಮೇಲೆ ಲ್ಯಾಬ್ ಕೀಲಿ ಇನ್ನೊಂದು ತಿಂಗಳು ನಿಮ್ಮ ಹತ್ರ ಇರುತ್ತಾ ಕೇಳ್ಕೊಳ್ಳಿ. ವೈಬಿಸಿಓ ಅಳತೆ ಮಾಡಿ ಗ್ರಾಫ್ ನನಗೆ ಕಳಿಸಿ, ತಣ್ಣಗಾಗುವಾಗಿನದು ಬಿಸಿಯಾಗುವಾಗಿನದು ಎರಡೂ ಗೆರೆ ಒಂದೇ ಹಾಳೆಯಲ್ಲಿ ಇರ್ಲಿ. ಎರಡು ಗೆರೆ ಒಂದರ ಮೇಲೊಂದು ಕೂರ್ದೇ ಒಂದೆರಡು ಕೆಲ್ವಿನ್ ಅಂತರ ಬಂದ್ರೆ ಅಳಿಸಿ ಸರಿ ಮಾಡ್ಬೇಡಿ, ಥರ್ಮಾಮೀಟರನ್ನ ಬಿಲ್ಲೆಯ ಯಾವ ಜಾಗಕ್ಕೆ ಏನಿಂದ ಅಂಟಿಸಿದ್ರಿ, ಎಷ್ಟು ಬೇಗ ಇಳಿಸಿದ್ರಿ ಅಂತ ಪಕ್ಕದಲ್ಲಿ ಬರೆದು ಕಳಿಸಿ, ಅಲ್ಲಿಂದ ಮುಂದೆ ಮಾತಾಡೋಣ.